ಹೊದಿಕೆಯೊಳಗಿನ ಬಿಸಿಗಾಳಿ

ವಿಯೆನ್ನಾ, 1994. ಆಪರೇಷನ್ ಥಿಯೇಟರಿನೊಳಗೆ ಕಾಲಿಟ್ಟೊಡನೆ ನಿಮ್ಮ ಮೂಗಿನ ತುದಿ ತಣ್ಣಗಾಗುತ್ತದೆ. ಉರಿಯುವ ದೀಪದಡಿ ಗೌನು ತೊಟ್ಟು ಗಂಟೆಗಟ್ಟಲೆ ನಿಲ್ಲುವ ಸರ್ಜನ್‌ಗೆ ಈ ಚಳಿ ಹಿತ. ಮೇಜಿನ ಮೇಲಿರುವ ರೋಗಿಯ ಪಾಡು ಬೇರೆ. ದೊಡ್ಡಕರುಳಿನ ಆಪರೇಷನ್, ಹೊಟ್ಟೆ ತೆರೆದು ಸುಮಾರು ಮೂರು ಗಂಟೆ ಹಿಡಿಯುವ ಕೆಲಸ.

ಅರಿವಳಿಕೆ ಹತ್ತಿತು. ಕಿವಿತಮಟೆಯ ಉಷ್ಣತೆ ತೋರಿಸುವ ಅಂಕಿಯನ್ನೇ ನೋಡುತ್ತಿರಿ. ಮೊದಲ ಗಂಟೆಯಲ್ಲೇ ಅದು ಒಂದು ಡಿಗ್ರಿಗೂ ಹೆಚ್ಚು ಇಳಿಯಬಹುದು. ಎಚ್ಚರವಿದ್ದಾಗ ದೇಹ ಕೈಕಾಲುಗಳ ರಕ್ತನಾಳಗಳನ್ನು ಬಿಗಿಹಿಡಿದು ಬಿಸಿಯನ್ನು ಒಡಲಲ್ಲೇ ಕಾಪಿಟ್ಟುಕೊಳ್ಳುತ್ತದೆ. ಅರಿವಳಿಕೆ ಆ ಬಿಗಿಯನ್ನು ಸಡಿಲಿಸಿದೆ; ಒಡಲ ಬಿಸಿ ಕೈಕಾಲುಗಳಿಗೆ ಹರಿದುಹೋಗುತ್ತಿದೆ. ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ದಾರಿಯೂ ಮುಚ್ಚಿದೆ.

ರೋಗಿಯ ಎದೆ, ತೋಳುಗಳ ಮೇಲೊಂದು ಹಗುರ ಹೊದಿಕೆ, ಅದಕ್ಕೆ ಗಾಳಿ ಊದುವ ಕೊಳವೆ. ಬರುತ್ತಿರುವುದು ಬಿಸಿಗಾಳಿಯೋ, ಕೋಣೆಯದೇ ತಣ್ಣನೆಯ ಗಾಳಿಯೋ? ಸರ್ಜನ್‌ಗೆ ತಿಳಿಯಬಾರದೆಂದು ಯಂತ್ರದ ಗುಂಡಿಗಳನ್ನು ಮರೆಮಾಡಿದ್ದಾರೆ. ಆಂಡ್ರಿಯಾ ಕುರ್ಜ್, ಡೇನಿಯಲ್ ಸೆಸ್ಲರ್, ರೈನರ್ ಲೆನ್‌ಹಾರ್ಟ್ ನಡೆಸುತ್ತಿರುವ ಪ್ರಯೋಗವಿದು.

ಇನ್ನಷ್ಟು ಹತ್ತಿರ ಬನ್ನಿ, ಕೊಯ್ದ ಅಂಚಿಗೆ. ಮೈ 34.5 ಡಿಗ್ರಿಯ ಆಸುಪಾಸಿಗೆ ಬಂದಾಗ ಚರ್ಮದಡಿಯ ನಾಳಗಳು ಕೊನೆಗೂ ಮುದುಡಿಕೊಳ್ಳುತ್ತವೆ. ರಕ್ತ ತಗ್ಗಿತು, ಅದರೊಂದಿಗೆ ಆಮ್ಲಜನಕವೂ. ಕರುಳಿನಿಂದ ಜಾರಿಬಂದ ಬ್ಯಾಕ್ಟೀರಿಯಾವನ್ನು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ನುಂಗಿದೆ. ಅದನ್ನು ಕೊಲ್ಲಲು ಸೂಪರಾಕ್ಸೈಡ್ ಎಂಬ ರಾಸಾಯನಿಕ ಬೇಕು, ಸೂಪರಾಕ್ಸೈಡ್‌ಗೆ ಆಮ್ಲಜನಕ ಬೇಕು. ಅದೇ ಸಾಲದಾಗಿದೆ. ಬಿಳಿ ಕಣಗಳ ಈ ಹೋರಾಟ ಉರಿಯೂತದ ಭಾಗವೇ. ಉರಿಯೂತ ಎಂದರೆ ನಮಗೆಲ್ಲ ಭಯ. ಆದರೆ ಈ ಮೊದಲ ಕೆಲವು ಗಂಟೆಗಳಲ್ಲಿ ಗಾಯವನ್ನು ಕಾಯಬೇಕಾದದ್ದು ಚುರುಕಾದ, ಹೊತ್ತಿಗೊದಗುವ ಉರಿಯೂತವೇ. ಚಳಿಗೆ ಅದು ಮಂಕಾದರೆ ಬ್ಯಾಕ್ಟೀರಿಯಾ ನೆಲೆಯೂರುತ್ತದೆ. ಆಮೇಲೆ ಕೀವು, ಜ್ವರ, ದಿನಗಟ್ಟಲೆ ಎಳೆಯುವ ಬೇರೆಯದೇ ಉರಿ.

ವಾರ್ಡಿನಲ್ಲಿ ಬ್ಯಾಂಡೇಜ್ ಬಿಚ್ಚುವ ವೈದ್ಯರಿಗೂ ಯಾರು ಯಾವ ಗುಂಪೆಂದು ಗೊತ್ತಿಲ್ಲ. ಲೆಕ್ಕ ಹೊರಬಿದ್ದದ್ದು 1996ರಲ್ಲಿ. ಸರಾಸರಿ 34.7 ಡಿಗ್ರಿಗೆ ಇಳಿದಿದ್ದ 96 ಜನರಲ್ಲಿ 18 ಮಂದಿಗೆ ಗಾಯದ ಸೋಂಕು, 36.6ರಲ್ಲಿ ಉಳಿದ 104 ಜನರಲ್ಲಿ ಆರೇ ಮಂದಿಗೆ. ತಣ್ಣಗಾದವರು ಆಸ್ಪತ್ರೆಯಲ್ಲಿ ಸರಾಸರಿ 2.6 ದಿನ ಹೆಚ್ಚು ಮಲಗಿದರು. ಅವರಲ್ಲಿ ಸೋಂಕೇ ತಗುಲದವರ ಹೊಲಿಗೆ ಬಿಚ್ಚುವುದೂ ತಡವಾಯಿತು. ಬರೀ ಬಿಸಿಗಾಳಿ, ಬೆಚ್ಚಗಿನ ಡ್ರಿಪ್! ಇಷ್ಟು ಅಗ್ಗದ ರಕ್ಷಣೆಯನ್ನು ಯಾವ ರೋಗಿಗೂ ತಪ್ಪಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಹಾಗೆಂದು ಅತಿಯಾಗಿ ಕಾಯಿಸಬೇಕಿಲ್ಲ. ಚೀನಾದಲ್ಲೂ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲೂ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 35.5ಕ್ಕೂ 37ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 35.5ಕ್ಕಿಂತ ಕೆಳಗೆ ಜಾರಗೊಡಬಾರದು, ಅಷ್ಟೆ. ಅರಿವಳಿಕೆಗೆ ಮುಂಚೆಯೇ ಅರ್ಧ ಗಂಟೆ ಬಿಸಿಗಾಳಿಯ ಹೊದಿಕೆ ಹೊದಿಸಿದರೆ ಕೈಕಾಲುಗಳು ಮೊದಲೇ ಬೆಚ್ಚಗಿರುತ್ತವೆ, ಒಡಲಿನಿಂದ ಹರಿದುಹೋಗುವ ಬಿಸಿ ಕಡಿಮೆಯಾಗುತ್ತದೆ. ನಿಮ್ಮವರ ಆಪರೇಷನ್ ಇದ್ದರೆ ಅರಿವಳಿಕೆ ತಜ್ಞರನ್ನು ಇದರ ಬಗ್ಗೆ ಕೇಳಿ.