ರೇಷ್ಮೆಯ ಸೀಮೆಯಲ್ಲಿ ಮನೆಗೆ ಮೊದಲಿಗರು

ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಸುಮಾರು 50 ಕಿಲೋಮೀಟರು ಸಾಗಿದರೆ, ಹೆಬ್ಬಂಡೆಗಳ ಬೆಟ್ಟಗಳ ನಡುವೆ ರಾಮನಗರ ಎದುರಾಗುತ್ತದೆ. ಇಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾ ಖಂಡದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಗೂಡು ಬೆಳೆಯುವವರು ಸುತ್ತಲ ಹಳ್ಳಿಗಳ ರೈತರು. ಅದರಿಂದ ನೂಲು ಬಿಚ್ಚುವವರಲ್ಲಿ ಪಟ್ಟಣದ ಮುಸಲ್ಮಾನ ಬಾಂಧವರು ಬಹುಮಂದಿ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಗೆ ಬೆರಳಿಟ್ಟು ಎಳೆಯ ತುದಿಯನ್ನು ಅರಸುವ ಕಾಯಕವದು. ನೆನೆದು ಬಿರಿದ ಆ ಕೈಗಳನ್ನು ಕಂಡವರಿಗೆ, ಇಂಥ ಮನೆಯಿಂದ ಮೊತ್ತಮೊದಲ ಬಾರಿಗೆ ಒಬ್ಬ ಮಗಳೋ ಮಗನೋ ಕಾಲೇಜಿನ ಮೆಟ್ಟಿಲೇರುವುದೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತೆಯೇ ಸರಿ. ತನ್ನ ಬೆರಳು ಬೆಂದರೂ ಮಕ್ಕಳ ಬೆರಳು ಲೇಖನಿ ಹಿಡಿಯಲೆಂಬ ತಾಯಿಯ ಹಂಬಲವೇ ಆ ಅರ್ಧ.

ಅಲ್ಲಿಂದ ಹತ್ತಾರು ಕಿಲೋಮೀಟರು ಮುಂದೆ ಚನ್ನಪಟ್ಟಣ. ಹಾಲೆಮರವನ್ನು ತಿರುಗಣಿಗಿಟ್ಟು, ಅರಗಿನ ಬಣ್ಣವೇರಿಸಿ ಗೊಂಬೆ ಮಾಡುವ ಕಲೆ ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಬಂದಿತೆಂಬುದು ಪ್ರತೀತಿ. ಇಲ್ಲಿ ವಿದ್ಯೆಯ ಪ್ರೇರಣೆ ತುಸು ಬೇರೆ. ಓದಿದ ಮಗ ಕುಲಕಸುಬನ್ನು ತೊರೆಯಲೇಬೇಕೆಂದಿಲ್ಲ. ಲೆಕ್ಕಪತ್ರ, ಬ್ಯಾಂಕು, ದೂರದೇಶದ ವ್ಯಾಪಾರಗಳನ್ನು ತಾನೇ ನಿರ್ವಹಿಸಿ ಅದನ್ನು ಉಳಿಸಲೂ ಬಲ್ಲನು.

ಇನ್ನರ್ಧ ಉತ್ತರವನ್ನು ಅರ್ಕಾವತಿಯ ತಟದ ಕನಕಪುರ ನೀಡುತ್ತದೆ. ಸ್ವಾತಂತ್ರ್ಯ ಹೋರಾಟಗಾರರಾದ ಎಸ್. ಕರಿಯಪ್ಪನವರು ಕಟ್ಟಿದ ಗ್ರಾಮೀಣ ವಿದ್ಯಾಸಂಸ್ಥೆ ಹಳ್ಳಿಯ ಮಕ್ಕಳ ಬಳಿಗೇ ಕಾಲೇಜನ್ನು ತಂದಿತು. ಹಂಬಲವೆಷ್ಟಿದ್ದರೂ ಕಾಲೇಜು ದೂರವಾದರೆ ಮೊದಲು ಹಿಂದುಳಿಯುವವಳು ಹೆಣ್ಣುಮಗಳು. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ದೊರೆತ ಉಚಿತ ಪ್ರಯಾಣ ಈ ದೂರವನ್ನು ಕೊಂಚ ತಗ್ಗಿಸಿದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳೂ ಅಂಥದೇ ಆಸರೆ.

ಮಾಗಡಿಯ ಹಾದಿಯಲ್ಲಿ ನಮ್ಮದೇ ಇತಿಹಾಸ ನೆನಪಾಗುತ್ತದೆ. ಈ ತಾಲ್ಲೂಕಿನ ವೀರಾಪುರದ ಕೃಷಿಕ ಮನೆತನದಲ್ಲಿ 1907ರಲ್ಲಿ ಜನಿಸಿದ ಬಾಲಕರೊಬ್ಬರು 1927ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಅವರೇ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾಗಿ, ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತು 2019ರಲ್ಲಿ ಲಿಂಗೈಕ್ಯರಾದರು. ಆ ಕಾಲದಲ್ಲಿ ನಮ್ಮ ಹಳ್ಳಿಗಳಿಂದ ನಗರಕ್ಕೆ ಓದಲು ಹೋದವರೂ ಮನೆಗೆ ಮೊದಲಿಗರೇ. ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿನಿಲಯದಂಥ ನೆರಳಿಲ್ಲದಿದ್ದರೆ ಅವರಲ್ಲೆಷ್ಟು ಮಂದಿ ಅರ್ಧದಾರಿಯಲ್ಲೇ ಊರಿಗೆ ಮರಳುತ್ತಿದ್ದರೋ!

ಮನೆಗೆ ಮೊದಲಿಗನಾದ ವಿದ್ಯಾರ್ಥಿಗೆ ಬಡತನಕ್ಕಿಂತಲೂ ಕಠಿಣವಾದ ಕೊರತೆಯೊಂದುಂಟು: ಕೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಯಾವ ವಿಷಯ ಆರಿಸಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನವೆಂದು ಎಂಬುದನ್ನು ಹೇಳುವ ಹಿರಿಯರಿಲ್ಲ. ಪದವಿ ಪಡೆದ ಎರಡು ಮೂರು ತಲೆಮಾರುಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. ಈ ಬೇಸಿಗೆಯಲ್ಲಿ ಫಲಿತಾಂಶ ಬಂದಾಗ, ನಮ್ಮ ಬೀದಿಯ ನೂಲುಗಾರನ ಮಗಳನ್ನು ಕರೆದು ಆ ಅರ್ಜಿಯನ್ನು ಜೊತೆಯಲ್ಲಿ ಕುಳಿತು ತುಂಬಿಸೋಣ. ಹಣ ಬೇಡದ ದಾಸೋಹವಿದು. ಅರ್ಧ ಗಂಟೆಯ ಬಿಡುವಿದ್ದರೆ ಸಾಕು.