ಉಳ್ಳಾಲದ ಕರಗಿಹೋದ ದಂಡೆಗೆ

ಉಳ್ಳಾಲದ ದಂಡೆಯೇ,

ಉಭಯ ಕುಶಲೋಪರಿ ಎಂದು ಬರೆಯಲು ಕೈ ಬರುತ್ತಿಲ್ಲ. ನೀನಿದ್ದ ಜಾಗದಲ್ಲಿ ಈಗ ಅಲೆ ಹೊಡೆಯುತ್ತಿದೆ.

ನಾನು ಅರಸೀಕೆರೆಯವಳು. ನಮ್ಮ ಕಡೆ ಸಮುದ್ರವೆಂದರೆ ಕೆರೆ. ಹಳೇಬೀಡು ಹೊಯ್ಸಳರ ಕಾಲದಲ್ಲಿ ದೋರಸಮುದ್ರವಾದದ್ದೂ ಅಲ್ಲಿನ ಕೆರೆಯಿಂದಲೇ. ನಿಜವಾದ ಸಮುದ್ರವನ್ನು ಮೊದಲು ತೋರಿಸಿದವಳು ನೀನು. "ಇದಕ್ಕೆ ಏರಿ ಎಲ್ಲಪ್ಪ?" ಎಂದು ಅಂದು ಕೇಳಿದ್ದೆ. ಅಪ್ಪ ನನ್ನ ಕಾಲಡಿಯ ಮರಳಿನ ಕಡೆ ಕೈ ತೋರಿಸಿದ್ದರು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಸೋಮೇಶ್ವರ, ಉಚ್ಚಿಲದ ತೀರವನ್ನು ಕೊಚ್ಚಿದ ಮೇಲೆ ಮತ್ತೆ ಬಂದೆ. ಒಂದು ತೆಂಗಿನಮರ ಕಡಲಿಗೆ ಬಾಗಿ ನಿಂತಿತ್ತು. ಬುಡದ ಅರ್ಧಭಾಗಕ್ಕೆ ಮಣ್ಣೇ ಇಲ್ಲ. ಬೇರುಗಳು ಹಳೆಯ ಪೊರಕೆಯ ಹಾಗೆ ಗಾಳಿಯಲ್ಲಿ ಜೋತಾಡುತ್ತಿದ್ದವು, ಮೇಲೆ ಮಾತ್ರ ಎಳನೀರಿನ ಗೊನೆ. ತೆಂಗಿನ ಊರಿನವಳು ನಾನು. ನೀರಿಲ್ಲದೆ ಸುಳಿ ಒಣಗಿದ ಮರಗಳನ್ನು ಬೇಕಾದಷ್ಟು ಕಂಡಿದ್ದೇನೆ. ನೀರಿಗೇ ಬಲಿಯಾಗುವ ಮರವನ್ನು ಕಂಡಿರಲಿಲ್ಲ.

ಮಳೆಗಾಲದಲ್ಲಿ ಕಡಲು ಮರಳನ್ನು ಒಳಗೆ ಎಳೆದುಕೊಳ್ಳುತ್ತದೆ, ಮಳೆ ನಿಂತ ಮೇಲೆ ಮರಳಿ ತಂದಿಡುತ್ತದೆ. ಇದು ವರ್ಷವರ್ಷದ ಕೊಡುಕೊಳೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ ಕಲ್ಲಿನ ತಡೆಗೋಡೆಗಳು ಎದ್ದ ಮೇಲೆ ಮರಳು ಸಾಗುವ ದಾರಿ ಬದಲಾಯಿತು. ಬಡಗಣ ಬೆಂಗ್ರೆಯಲ್ಲಿ ದಂಡೆ ಬೆಳೆಯಿತು, ತೆಂಕಣ ನೀನು ಸವೆದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ನಿನ್ನೆದುರು ನೀರೊಳಗೆ ಕೃತಕ ದಿಬ್ಬಗಳನ್ನು ಕಟ್ಟಿದರು. ಅದಾದ ಮೇಲೂ ಕೊರೆತ ಆಚೀಚಿನ ಊರುಗಳನ್ನು ಬಿಟ್ಟಿಲ್ಲ.

ಇದರ ಮೇಲೆ ಕಡಲೇ ಏರುತ್ತಿದೆ. 1901ರಿಂದ 2018ರ ನಡುವೆ ಲೋಕದ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್ ಮೇಲೆ ಬಂದಿದೆ. ಒಂದು ಗೇಣಿಗೂ ತುಸು ಕಡಿಮೆ. ಆದರೆ ಚಪ್ಪಟೆ ತೀರದಲ್ಲಿ ಗೇಣುದ್ದ ಏರಿದ ನೀರು ಹತ್ತಾರು ಮಾರು ಒಳಗೆ ನುಗ್ಗಬಲ್ಲದು. ಕೇರಳದ ವರ್ಕಲದಂಥ ಕಡೆ, ದಂಡೆಯ ಬೆನ್ನಿಗೇ ಮುರಕಲ್ಲಿನ ಕಡಿದಾದ ದಿಣ್ಣೆ ಇರುವಲ್ಲಿ, ಕಥೆ ಇನ್ನೊಂದು ಬಗೆ. ಅಲೆ ಬುಡ ಕೊರೆಯುತ್ತದೆ, ಮೇಲಿನ ಭಾಗ ಒಂದು ದಿನ ಕುಸಿಯುತ್ತದೆ. ಬಿದ್ದ ಕಲ್ಲುಮಣ್ಣು ಕೆಲಕಾಲ ಬುಡಕ್ಕೆ ಕಾವಲು. ಅದನ್ನೂ ಕಡಲು ಒಯ್ದರೆ ಮತ್ತೆ ಕೊರೆತ. ಮಟ್ಟ ಏರಿದಷ್ಟೂ ಅಲೆಗೆ ಆ ಬುಡ ಹೆಚ್ಚು ದಿನ ಸಿಗುತ್ತದೆ. ದಿಣ್ಣೆ ಕುಸಿದರೆ ಮರಳಿ ಬೆಳೆಯುವುದಿಲ್ಲ. ನೀನಾದರೋ ಬೆಳೆಯಬಲ್ಲವಳಾಗಿದ್ದೆ, ಮರಳು ಬರುತ್ತಿದ್ದರೆ.

ಈ ಪತ್ರ ಬರೆಯಲು ಕೂತದ್ದೇ ಆ ಮರಳಿಗಾಗಿ. ಸಕಲೇಶಪುರದ ಬೆಟ್ಟಗಳ ಮಳೆ ಎತ್ತಿನಹೊಳೆಯಾಗಿ, ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ನಿನ್ನ ಬಳಿ ಬರುತ್ತದೆ. ಅಂದರೆ ನಿನ್ನ ಮೈಯಲ್ಲಿ ನಮ್ಮ ಜಿಲ್ಲೆಯ ಕಲ್ಲುಮಣ್ಣೂ ಇತ್ತು. ದಾರಿಯಲ್ಲಿ ಕಿಂಡಿ ಅಣೆಕಟ್ಟುಗಳು ತಡೆದವು, ಮರಳು ತೆಗೆಯುವವರು ಲಾರಿ ತುಂಬಿದರು. 2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆಯ ನೀರನ್ನು ನಮ್ಮಂಥ ಒಣ ಸೀಮೆಗೆ ಎತ್ತಿ ಹರಿಸುವ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಯೋಜನೆಯ ಲೆಕ್ಕ 24.01 ಟಿಎಂಸಿ. ನಮ್ಮ ತಾಲ್ಲೂಕಿನ ಹೆಸರೂ ಅದರಲ್ಲಿದೆ. ನಿನ್ನ ಸವೆತ ಅದಕ್ಕೂ ಎಷ್ಟೋ ಮೊದಲಿನದು, ಬಲ್ಲೆ. ನೀರು ಬೇಡವೆನ್ನುವ ಬಾಯಿಯೂ ನನಗಿಲ್ಲ. ನಮ್ಮ ತೋಟಗಳನ್ನು ನೋಡಿದವರಾರೂ ಹಾಗೆನ್ನಲಾರರು. ಆದರೆ ಹೊಳೆಯನ್ನು ಬರೀ ಟಿಎಂಸಿಯಲ್ಲಿ ಅಳೆದರೆ ನಿನ್ನ ಪಾಲು ಯಾವ ಕಾಲಂನಲ್ಲೂ ಬರುವುದಿಲ್ಲ. ಅದು ನನಗೆ ಸಂಕಟ.

ಅಪ್ಪನೊಡನೆ ಮೊದಲು ಬಂದಿದ್ದ ದಿನ, ಹೊರಡುವಾಗ ಕರವಸ್ತ್ರದಲ್ಲಿ ನಿನ್ನ ಮರಳು ಕಟ್ಟಿಕೊಂಡಿದ್ದೆ. ಅಪ್ಪ ಗಂಟು ಬಿಚ್ಚಿಸಿದರು. "ಏರಿ ಮಣ್ಣು ಎತ್ಕೊಂಡು ಹೋಗಬಾರ್ದು ಕಣಮ್ಮ, ಇಲ್ಲೇ ಸುರಿದುಬಿಡು" ಎಂದರು. ಸುರಿದು ಬಂದಿದ್ದೆ.