ಮೂವತ್ತು ಹಣ್ಣುಗಳ ಪುಸ್ತಕ

ಮೊಮ್ಮಗಳ ರಜೆಯ ನೆಪದಲ್ಲಿ, ಅಳಿಯಂದಿರು ಹಿಂದೊಮ್ಮೆ ವಿದೇಶದಿಂದ ತಂದಿದ್ದ ನಿಂಟೆಂಡೊ ೬೪ ಯಂತ್ರ ಅಟ್ಟದಿಂದ ಕೆಳಗಿಳಿಯಿತು. ಅದರಲ್ಲಿದ್ದದ್ದು ‘ಯೋಶೀಸ್ ಸ್ಟೋರಿ’. ಜಪಾನಿನಲ್ಲಿ ೧೯೯೭ರ ಡಿಸೆಂಬರಿನಲ್ಲಿ ಹೊರಬಂದ ಆಟ.

ಆನಂದದ ಮರವನ್ನು ಕದ್ದ ಬೇಬಿ ಬೌಸರ್ ಎಂಬ ತುಂಟ, ಯೋಶಿಗಳ ದ್ವೀಪವನ್ನೇ ಚಿತ್ರಪುಸ್ತಕವಾಗಿ ಮಾರ್ಪಡಿಸಿದ್ದಾನೆ. ಅಂದಮೇಲೆ ಅಲ್ಲಿಯ ಬೆಟ್ಟ ರಟ್ಟಿನದು, ನೆಲ ಹೊಲಿದ ಬಟ್ಟೆಯದು. ಎಂತಹ ಚೆಲುವು! ಮರಿ ಯೋಶಿ ೩೦ ಹಣ್ಣು ತಿಂದರೆ ಸಾಮಾನ್ಯವಾಗಿ ಒಂದು ಪುಟ ಮುಗಿಯುತ್ತದೆ. ಪುಟಗಳು ಆರೇ ಆರು. ಒಂದೊಂದರಲ್ಲೂ ನಾಲ್ಕು ಹಾದಿಗಳಿದ್ದರೂ ಒಂದು ಓದಿಗೆ ಒಂದೇ ಹಾದಿ.

ಲೆಕ್ಕಪತ್ರಗಳಲ್ಲಿ ಜೀವ ಸವೆಸಿದ ನಾನು ಕಂಡ ಹಣ್ಣನ್ನೆಲ್ಲ ನುಂಗಿಸಿ, ಸಂಜೆಯ ಕಾಫಿಗೆ ಮೊದಲೇ ಪುಸ್ತಕ ಮುಚ್ಚಿದೆ. ಇಷ್ಟೇಯೆ ಎನ್ನಿಸಿತು. ಆ ಎಳೆಗೊರಳ ಹಾಡಂತೂ ಎರಡನೆಯ ಸಲಕ್ಕೇ ಸಾಕಾಗುತ್ತದೆ.

ಮೊಮ್ಮಗಳ ರೀತಿಯೇ ಬೇರೆ. ನೆಲ ಮೂಸಿಸುತ್ತ, ಹೆಚ್ಚು ಅಂಕದ ಕರಬೂಜಗಳನ್ನೇ ಅರಸುತ್ತ, ಒಂದು ಪುಟಕ್ಕೆ ಅರ್ಧ ದಿನ. ಹಾದಿಯಲ್ಲಿ ಕರಬೂಜಗಳೂ ಸರಿಯಾಗಿ ಮೂವತ್ತಿವೆಯೆಂದು ನನಗೆ ತಿಳಿದದ್ದು ಅವಳಿಂದ. ಅವಸರದವನನ್ನು ತಡೆದು ಅದನ್ನು ತೋರಿಸದಿರುವುದು ಆಟದ ದೋಷವೇ ಸರಿ.

“ಬೇಗ ಮುಗಿಸಮ್ಮ, ಅನ್ನ ಆರುತ್ತದೆ” ಎಂದು ನಾನು ಅವಸರಪಡಿಸಿದೆ. ಅದೇ ಗಳಿಗೆಯಲ್ಲಿ ಅವಳ ಗುಲಾಬಿ ಯೋಶಿ ಪೆಟ್ಟು ತಿಂದು ಸೋತಿತು. ವೈರಿಯ ಬಂಟರು ಅದನ್ನು ಹೊತ್ತೊಯ್ದರು. ಆಟ ನಿರ್ವಿಕಾರವಾಗಿ ಬೇರೆ ಬಣ್ಣದ ಮರಿಯನ್ನು ಆರಿಸಿಕೊಳ್ಳೆಂದಿತು. ಅವಳು ಗುಂಡಿಯನ್ನೊತ್ತಲಿಲ್ಲ.

“ತಾತ, ಅದು ಮತ್ತೆ ಬರುವುದಿಲ್ಲವೆ?”

ಬಿಳಿಯ ಷೈ ಗೈ ಎಂಬ ಮುಖವಾಡದ ಜೀವಿಯೊಂದು ಸಿಕ್ಕರೆ, ಕಳೆದ ಮರಿಯನ್ನು ಬಿಡಿಸಿ ತರುತ್ತದೆಂದು ಅಳಿಯಂದಿರು ಫೋನಿನಲ್ಲಿ ಹೇಳಿದರು. ರಾತ್ರಿ ಹನ್ನೊಂದಾದರೂ ನಾವಿಬ್ಬರೂ ಅದನ್ನು ಹುಡುಕುತ್ತಲೇ ಇದ್ದೆವು.